ಎದೆನೋವಿನ ಚೀಟಿ
(ತಾಳವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಎದೆನೋವು ಎಂದು ಆಸ್ಪತ್ರೆಗೆ ಬಂದವರನ್ನು ಪರೀಕ್ಷಿಸಿ, ‘ಇದು ಹೃದಯದ ನೋವಲ್ಲ’ ಎಂದು ಧೈರ್ಯ ಹೇಳಿ ಮನೆಗೆ ಕಳಿಸುವಾಗ ಕೈಗೊಂದು ಚೀಟಿ ಕೊಡುತ್ತಾರಲ್ಲ, ಇವತ್ತಿನ ನನ್ನ ಮಾತು ಆ ಚೀಟಿಯನ್ನು ಕುರಿತದ್ದು. ಅದರಲ್ಲಿ ಏನು ಬರೆದಿರುತ್ತದೆ, ಏನು ಬರೆದಿರಬೇಕು, ಬರೆದದ್ದು ಮುಂದೆ ಯಾವ ಸಂಕೇತವಾಗಿ ಕಂಪ್ಯೂಟರಿಗೆ ಹೋಗುತ್ತದೆ, ಅದರಿಂದ ರೋಗಿಯ ಬದುಕಿಗೆ ಏನಾಗುತ್ತದೆ ಎಂಬುದಷ್ಟೇ ವಿಷಯ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿದವನು ನಾನು, ವೈದ್ಯನಲ್ಲ. ಬರಹದ ಕಡೆಯಿಂದ ಕಂಡದ್ದನ್ನೇ ಹೇಳುತ್ತೇನೆ.

ಈ ವಿಷಯವನ್ನು ತಾಳವಾಡಿಯಲ್ಲೇ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಈ ಬೆಟ್ಟಗಳು ಮದ್ರಾಸಿನಲ್ಲೇ ಉಳಿದವು. 2016ರಲ್ಲಿ ತಾಳವಾಡಿ ತಾನೇ ಒಂದು ತಾಲ್ಲೂಕಾಯಿತು. ಜಿಲ್ಲಾ ಕೇಂದ್ರ ಈರೋಡು ನೂರು ಕಿಲೋಮೀಟರಿಗೂ ಆಚೆ. ಅಲ್ಲಿಗೆ ಹೋಗಲು ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ಹಾಯಬೇಕು. 2013ರಿಂದ ಆ ದಾರಿಯ ಕಾಡು ಹುಲಿ ಸಂರಕ್ಷಿತ ಪ್ರದೇಶ. ಮದ್ರಾಸ್ ಹೈಕೋರ್ಟಿನ 2022ರ ಆದೇಶದ ನಂತರ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಉಂಟು, ಆದರೆ ಆನೆಗೆ ಆ ಆದೇಶ ಗೊತ್ತಿಲ್ಲ. ಇನ್ನೊಂದು ದಿಕ್ಕಿನಲ್ಲಿ ಚಾಮರಾಜನಗರ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಅಲ್ಲಿ ವೈದ್ಯಕೀಯ ಕಾಲೇಜು, ಅದರ ಮುಂದೆ ಮೈಸೂರು. ಹಾಗಾಗಿ ಇಲ್ಲಿಯ ರೋಗಿ ಒಂದು ಸಲ ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮತ್ತೊಂದು ಸಲ ಕರ್ನಾಟಕದ ಆಸ್ಪತ್ರೆಗೆ, ಮಗ ಅಲ್ಲಿ ಕೆಲಸಕ್ಕಿದ್ದರೆ ಕೊಯಮತ್ತೂರಿಗೂ ಹೋಗುತ್ತಾನೆ. ಒಂದು ರಾಜ್ಯದ ಕಂಪ್ಯೂಟರ್ ಇನ್ನೊಂದು ರಾಜ್ಯದ ಕಂಪ್ಯೂಟರಿನ ಜೊತೆ ಸಲೀಸಾಗಿ ಮಾತಾಡುವ ದಿನ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಇಬ್ಬರು ವೈದ್ಯರ ನಡುವಿನ ಮಾತುಕತೆಯೆಂದರೆ ಸೊಂಟದ ಚೀಲದಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ಮಡಚಿಟ್ಟ ಆ ಚೀಟಿ ಮಾತ್ರ.

2021ರ ಅಕ್ಟೋಬರ್ 28ರಂದು ಅಮೆರಿಕದ ಹೃದ್ರೋಗ ಸಂಸ್ಥೆಗಳು ಸೇರಿ ಎದೆನೋವಿಗೆಂದೇ ಒಂದು ಮಾರ್ಗಸೂಚಿ ಪ್ರಕಟಿಸಿದವು. ಮರುದಿನ, ಅಕ್ಟೋಬರ್ 29ರಂದು, ಇದೇ ಸೀಮೆಯ ಗಾಜನೂರು ಮನೆತನದ ನಟ ಪುನೀತ್ ರಾಜಕುಮಾರ್ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡರು. ಈ ಬೆಟ್ಟದ ಜನಕ್ಕೆ ಅದು ಸಿನಿಮಾ ಸುದ್ದಿಯಾಗಿರಲಿಲ್ಲ, ಮನೆಯ ಸಾವಾಗಿತ್ತು. ಆಮೇಲಿನ ವಾರಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಎದೆ ತೋರಿಸಿಕೊಳ್ಳಲು ಬಂದ ಯುವಕರ ಸಾಲು ನೆನಪಿರಬಹುದು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವದಲ್ಲೂ ಅದೇ ಸಾಲು ಕಂಡಿತು. ಬಂದವರಲ್ಲಿ ಹೆಚ್ಚಿನವರ ಹೃದಯ ಚೆನ್ನಾಗಿಯೇ ಇತ್ತು. ಅವರಿಗೆ ಭಯವಿತ್ತು, ಕೆಲವರಿಗೆ ನಿಜವಾದ ನೋವೂ ಇತ್ತು. ಆ ನೋವಿಗೆ ಚೀಟಿಯಲ್ಲಿ ಏನೆಂದು ಬರೆದುಕೊಟ್ಟರು ಎಂಬುದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.

ನಾನು ಹೇಳಿದ ಆ ಮಾರ್ಗಸೂಚಿಯಲ್ಲಿ ಒಂದು ಲೆಕ್ಕವಿದೆ. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ವರ್ಷಕ್ಕೆ 65 ಲಕ್ಷಕ್ಕೂ ಮೇಲ್ಪಟ್ಟು ಭೇಟಿಗಳು ಎದೆನೋವಿಗಾಗಿಯೇ ಆಗುತ್ತವೆ. ಅವರಲ್ಲಿ ಹೃದಯಾಘಾತ ಅಥವಾ ಅದರ ಹತ್ತಿರದ ಸ್ಥಿತಿ ಇರುವವರು ಶೇ. 5.1 ಮಾತ್ರ. ಅರ್ಧಕ್ಕಿಂತ ಹೆಚ್ಚಿನವರ ನೋವಿಗೆ ಕಾರಣ ಹೃದಯದ ಹೊರಗೇ ಇರುತ್ತದೆ. ಹಾಗಿದ್ದ ಮೇಲೆ ‘ಹೃದಯದ್ದಲ್ಲದ ಎದೆನೋವು’ ಅನ್ನುವುದು ಅಪರೂಪದ ಸಂಗತಿಯಲ್ಲ, ದಿನನಿತ್ಯದ ಬಾಬತ್ತು. ಅದೇ ಮಾರ್ಗಸೂಚಿ ಇನ್ನೊಂದು ಬದಲಾವಣೆಯನ್ನೂ ಮಾಡಿತು. ನೋವು ‘ಮಾಮೂಲಿ ಲಕ್ಷಣದ್ದಲ್ಲ’ ಎಂದು ಬರೆಯುವ ರೂಢಿಯನ್ನು ಬಿಡಿ, ಅದರಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ, ‘ಹೃದಯದ್ದು’, ‘ಹೃದಯದ್ದಿರಬಹುದು’, ‘ಹೃದಯದ್ದಲ್ಲ’ ಈ ಮೂರರಲ್ಲಿ ಒಂದನ್ನು ಹೇಳಿ ಎಂದಿತು. ನನ್ನಂಥ ದಾಖಲೆಯ ಮನುಷ್ಯನಿಗೆ ಇದು ತುಂಬ ದೊಡ್ಡ ಮಾತು. ವೈದ್ಯರು ತಮ್ಮ ಮನಸ್ಸಿನ ಅನುಮಾನ ಎಷ್ಟು ಎಂಬುದನ್ನೇ ಬರಹಕ್ಕೆ ಇಳಿಸಬೇಕು ಎಂದು ಅದು ಕೇಳುತ್ತಿದೆ.

ಎದೆಗೂಡಿನಲ್ಲಿ ಹೃದಯ ಒಂದೇ ಇಲ್ಲ. ಅನ್ನನಾಳ ಅದರ ಹಿಂದೆಯೇ ಇಳಿಯುತ್ತದೆ, ಹುಳಿ ಮೇಲೆ ಬಂದರೆ ಹೃದಯವೇ ಉರಿದಂತಾಗುತ್ತದೆ. ಪಕ್ಕೆಲುಬು ಎದೆಮೂಳೆಗೆ ಸೇರುವ ಮೃದ್ವಸ್ಥಿ ಊದಿಕೊಂಡರೆ ಕೈಯಿಟ್ಟರೂ ನೋವು. ಅರಿಸಿನದ ಮೂಟೆ, ಕಬ್ಬಿನ ಹೊರೆ, ಎಲೆಕೋಸಿನ ಚೀಲ ಹೊರುವ ಈ ಕಡೆಯ ಹೊಲಗಳಲ್ಲಿ ಸ್ನಾಯು ಎಳೆತದ ನೋವು ಸಾಮಾನ್ಯ. ಶ್ವಾಸಕೋಶದ ಪೊರೆಗೆ ಕ್ಷಯ ತಗುಲಿ ನೀರು ತುಂಬಿದರೆ ಉಸಿರೆಳೆದಾಗ ಚುಚ್ಚುತ್ತದೆ. ಸರ್ಪಸುತ್ತು ಗುಳ್ಳೆ ಕಾಣಿಸಿಕೊಳ್ಳುವ ಮೊದಲೇ ಎದೆಯ ಒಂದು ಪಕ್ಕವನ್ನು ಸುಡುತ್ತದೆ. ಇನ್ನು ಗಾಬರಿಯ ಕಾಯಿಲೆ: ಎದೆ ಡವಡವ, ಬೆವರು, ಈಗಲೇ ಸಾಯುತ್ತೇನೆ ಅನ್ನುವ ಭಯ. 1871ರಲ್ಲೇ ಅಮೆರಿಕದ ವೈದ್ಯ ಜೇಕಬ್ ಡಾ ಕೋಸ್ಟಾ, ಯುದ್ಧದಿಂದ ಬಂದ ಸೈನಿಕರಲ್ಲಿ ಹೃದಯಕ್ಕೆ ಊನವಿಲ್ಲದೆಯೂ ಇಂಥ ಎದೆನೋವು ಇರುವುದನ್ನು ಕಂಡು ಬರೆದಿದ್ದ. ಸೈನಿಕರು ಸುಳ್ಳು ಹೇಳುತ್ತಿದ್ದಾರೆಂದು ಅವನು ಬರೆಯಲಿಲ್ಲ. ಹೃದಯದ್ದಲ್ಲದ ನೋವೂ ನೋವೇ. ಕೆಲವು ಕಾರಣಗಳಂತೂ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಳ್ಳುವುದು, ಮಹಾಪಧಮನಿಯ ಗೋಡೆ ಸೀಳುವುದು, ಹೃದಯಾಘಾತದಷ್ಟೇ ಘಾತಕ. ಅವನ್ನೂ ತಳ್ಳಿಹಾಕದೆ ‘ಹೃದಯದ್ದಲ್ಲ, ಹೋಗಿ’ ಎಂದು ಕಳಿಸುವಂತಿಲ್ಲ.

ಈಗ ರೋಗಗಳಿಗೆ ಕೊಡುವ ಸಂಕೇತಗಳಿಗೆ ಬರೋಣ. ಸಭೆಯಲ್ಲಿ ಸಂಕೇತದ ಮಾತು ಬೇಸರ ತರಬಹುದು, ಸ್ವಲ್ಪ ತಾಳ್ಮೆಯಿರಲಿ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟ. 1948ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ನಾವೀಗ ಬಳಸುವ ಹತ್ತನೆಯ ಪರಿಷ್ಕರಣೆ, ಐಸಿಡಿ-10, 1990ರಲ್ಲಿ ಒಪ್ಪಿಗೆ ಪಡೆಯಿತು. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಯಲ್ಲಿದೆ, ಆದರೆ ನಮ್ಮ ಆಸ್ಪತ್ರೆಗಳ ಕೋಣೆಗಳಿಗೆ ಅದು ಪೂರ್ತಿ ಇಳಿದಿಲ್ಲ. ಹತ್ತನೆಯದರಲ್ಲಿ ಆರ್ ಅಕ್ಷರದ ಅಧ್ಯಾಯ ರೋಗಲಕ್ಷಣಗಳದ್ದು. ಅದರಲ್ಲಿ ಆರ್07 ಗಂಟಲು ಮತ್ತು ಎದೆಯ ನೋವು. ಉಸಿರಾಡುವಾಗ ಬರುವ ಎದೆನೋವು ಆರ್07.1, ಹೃದಯದ ಮುಂಭಾಗದ ನೋವು ಆರ್07.2, ಇತರ ಎದೆನೋವು ಆರ್07.3, ಏನೆಂದು ಗೊತ್ತಾಗದ ಎದೆನೋವು ಆರ್07.4. ಹೃದ್ರೋಗಗಳು ಐ ಅಕ್ಷರದಲ್ಲಿವೆ: ಹೃದಯಕ್ಕೆ ರಕ್ತ ಸಾಲದೆ ಬರುವ ನೋವು, ಅಂದರೆ ಆಂಜೈನಾ, ಐ20; ಹೃದಯಾಘಾತ ಐ21. ಹುಳಿ ಮೇಲೆ ಬರುವುದು ಕೆ21, ಪಕ್ಕೆಲುಬಿನ ಮೃದ್ವಸ್ಥಿಯ ನೋವು ಎಂ94.0, ಗಾಬರಿಯ ಕಾಯಿಲೆ ಎಫ್41.0. ಇವುಗಳ ಜೊತೆಗೆ ಹೆಚ್ಚಿನವರು ಮರೆಯುವ ಒಂದು ಸಂಕೇತವಿದೆ, ಜ಼ೆಡ್03.4. ಹೃದಯಾಘಾತದ ಅನುಮಾನದಿಂದ ಇಟ್ಟುಕೊಂಡು ನೋಡಿ, ಅದಿಲ್ಲವೆಂದು ಖಚಿತವಾಗಿ, ಮುಂದಿನ ಚಿಕಿತ್ಸೆ ಬೇಡವೆಂದು ಕಳಿಸಿದವರಿಗಾಗಿ ಅದು ಇರುವುದು. ಅನುಮಾನಪಟ್ಟದ್ದೂ ನಿಜ, ಅದು ಸುಳ್ಳಾದದ್ದೂ ನಿಜ ಎಂದು ಎರಡನ್ನೂ ಹೇಳುವ ಸಂಕೇತ.

ಸಂಕೇತ ಹಾಕುವವರಿಗೆ ಊಹಿಸುವ ಹಕ್ಕಿಲ್ಲ. ವೈದ್ಯರು ಬರೆದದ್ದಕ್ಕೆ ಮಾತ್ರ ಸಂಕೇತ. ಕೇವಲ ‘ಎದೆನೋವು’ ಎಂದಿದ್ದರೆ ಆರ್07.4, ಅಷ್ಟೇ. ಔಷಧಿ ಪಟ್ಟಿಯಲ್ಲಿ ಆಸಿಡಿಟಿಯ ಮಾತ್ರೆ ಇದೆಯೆಂದು ಕೆ21 ಹಾಕುವಂತಿಲ್ಲ, ಆಸ್ಪಿರಿನ್ ಇದೆಯೆಂದು ಐ20 ಹಾಕುವಂತಿಲ್ಲ. ಅಮೆರಿಕದಲ್ಲಿ ಈ ನಿಯಮ ಇನ್ನೂ ಬಿಗಿ. ಹೊರರೋಗಿಯ ಕಡತದಲ್ಲಿ ‘ಅನುಮಾನ’, ‘ಇರಬಹುದು’ ಎಂದು ಬರೆದ ಕಾಯಿಲೆಗೆ ಸಂಕೇತವೇ ಇಲ್ಲ, ಲಕ್ಷಣಕ್ಕೆ ಮಾತ್ರ ಉಂಟು. ಅಲ್ಲಿ ಬಳಸುವ ಐಸಿಡಿ-10ರ ಅಂಕೆಗಳೂ ತುಸು ಬೇರೆ: ವೈದ್ಯರು ‘ಹೃದಯದ್ದಲ್ಲದ ಎದೆನೋವು’ ಎಂದು ಬಿಡಿಸಿ ಬರೆದರೆ ಆರ್07.89, ಬರೀ ‘ಎದೆನೋವು’ ಎಂದರೆ ಆರ್07.9. ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಸಂಕೇತ ಹಾಕುವ, ಅಂದರೆ ಕೋಡಿಂಗ್ ಮಾಡುವ, ಕೊಯಮತ್ತೂರು, ಚೆನ್ನೈ, ಬೆಂಗಳೂರಿನ ಕಚೇರಿಗಳಲ್ಲಿ ಈ ವ್ಯತ್ಯಾಸವನ್ನು ದಿನಾ ನೋಡುವವರು ನಮ್ಮ ನಮ್ಮ ಊರುಗಳ ಹುಡುಗ ಹುಡುಗಿಯರೇ. ಎಂದೂ ಕಾಣದ ಯಾವುದೋ ಅಮೆರಿಕನ್ನನ ಎದೆನೋವಿನ ಕಡತವನ್ನು ಸಾಲು ಸಾಲು ಓದಿ, ಒಂದು ಅಂಕೆ ತಪ್ಪದಂತೆ ಕೂರಿಸುತ್ತಾರೆ. ಅವರ ಅವ್ವನ ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತು ಇರುತ್ತದೆ. ಇದು ನನ್ನನ್ನು ಬಹಳ ಕಾಡಿದೆ. ಆ ಮಕ್ಕಳು ಕಲಿತ ಶಿಸ್ತು ಈ ಬೆಟ್ಟಕ್ಕೆ ಯಾಕೆ ಬರಬಾರದು?

‘ಗ್ಯಾಸ್ಟ್ರಿಕ್’ ಎಂಬ ಆ ಒಂದು ಮಾತು ಏನು ಮಾಡುತ್ತದೆ ಎಂದು ನೋಡಿ. ರಾಗಿ ಕಟಾವಿನ ಹೊತ್ತಿನಲ್ಲಿ ಐವತ್ತೈದರ ಒಬ್ಬ ತಾಯಿಗೆ ಎದೆ ಒತ್ತಿದಂತಾಯಿತು ಎಂದುಕೊಳ್ಳೋಣ. ಸಕ್ಕರೆ ಕಾಯಿಲೆ ಇದೆ. ಆಸ್ಪತ್ರೆಗೆ ಬಂದಾಗ ನೋವು ಇಳಿದಿದೆ. ಇಸಿಜಿ ಸರಿಯಿದೆ. ಆಸಿಡಿಟಿಯ ಇಂಜೆಕ್ಷನ್ ಕೊಟ್ಟ ಮೇಲೆ ಹಗುರವಾಯಿತು ಅನ್ನುತ್ತಾರೆ. ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’. ಮೂರು ದಿನ ಬಿಟ್ಟು ಮತ್ತೆ ಅದೇ ನೋವು, ಈ ಸಲ ಬೇರೆ ಆಸ್ಪತ್ರೆ. ಅಲ್ಲಿಯವರು ಚೀಟಿ ನೋಡಿ, ‘ಹೋ, ಮೊದಲೇ ನೋಡಿದ್ದಾರೆ’ ಎಂದು ಅದೇ ದಾರಿ ಹಿಡಿಯುತ್ತಾರೆ. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯ ಸರಿಯೆಂದಲ್ಲ, ಮತ್ತೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೋಪೋನಿನ್ ಏರಲು ಹೊತ್ತು ಬೇಕು. ಹಳೆಯ ಬಗೆಯ ಪರೀಕ್ಷೆಯಾದರೆ 3ರಿಂದ 6 ಗಂಟೆ, ಸೂಕ್ಷ್ಮ ಬಗೆಯದಾದರೆ 1ರಿಂದ 3 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಹುಳಿ ಇಳಿಸುವ ಔಷಧಿಯಿಂದ ಹಗುರವಾದದ್ದು ಹೃದಯದ್ದಲ್ಲ ಎನ್ನುವುದಕ್ಕೆ ಪುರಾವೆಯಾಗುವುದಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಸುಸ್ತಾಗಿ, ಏದುಸಿರಾಗಿ, ದವಡೆ ನೋವಾಗಿ ಬರುವುದೂ ಉಂಟು. ಇವೆಲ್ಲ ಆ ಮೊದಲ ವೈದ್ಯರಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಗೊತ್ತಿದ್ದೂ ಬರೆಯಲಿಲ್ಲ, ಯಾಕೆಂದರೆ ಹೊರಗೆ ಇನ್ನೂ ನೂರು ಜನ ನಿಂತಿದ್ದರು. ಬರೆಯದೇ ಹೋದದ್ದರಿಂದ ಎರಡನೆಯ ವೈದ್ಯರಿಗೆ ಅವರ ಅನುಮಾನ ಮುಟ್ಟಲಿಲ್ಲ.

ತಪ್ಪು ಇನ್ನೊಂದು ದಿಕ್ಕಿಗೂ ಹೋಗುತ್ತದೆ. ಇಪ್ಪತ್ತೆಂಟರ ಹುಡುಗ, ಮೂಟೆ ಹೊತ್ತು ಪಕ್ಕೆ ಹಿಡಿದಿದೆ. ಯಾವುದಕ್ಕೂ ಇರಲಿ ಎಂದು ಚೀಟಿಯಲ್ಲಿ ‘ಆಂಜೈನಾ’ ಬರೆದರು ಅಥವಾ ‘ಐಎಚ್‌ಡಿ’ ಎಂಬ, ಹೃದಯಕ್ಕೆ ರಕ್ತ ಸಾಲದ ಕಾಯಿಲೆಯ, ಮೂರಕ್ಷರ ಗೀಚಿದರು. ಅಂದಿನಿಂದ ಅವನು ಹೃದ್ರೋಗಿ. ದಿನಾ ಆಸ್ಪಿರಿನ್ ನುಂಗುತ್ತಾನೆ, ಮೂಟೆ ಮುಟ್ಟುವುದಿಲ್ಲ, ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಆರೋಗ್ಯ ವಿಮೆ ಮಾಡಿಸಲು ಹೋದರೆ ಅದು ಮೊದಲೇ ಇದ್ದ ಕಾಯಿಲೆಯ ಖಾತೆಗೆ ಸೇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಅಂಥ ಕಾಯಿಲೆಗೆ ಕಾಯುವ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು, ಒಳ್ಳೆಯದೇ. ಆದರೆ ಇಲ್ಲದ ಕಾಯಿಲೆಗೆ ಒಂದು ತಿಂಗಳಾದರೂ ಯಾಕೆ ಕಾಯಬೇಕು?

ಇವೆರಡರ ನಡುವೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಚೀಟಿಗೆ ನನ್ನ ಮೊದಲ ಗೌರವ. ‘ಎದೆನೋವು, ಕಾರಣ ಇನ್ನೂ ಖಚಿತವಿಲ್ಲ. ಇಂಥ ಗಂಟೆಗೆ ಇಸಿಜಿ, ಇಂಥ ಗಂಟೆಗೆ ಮತ್ತೊಂದು, ಎರಡರಲ್ಲೂ ಬದಲಾವಣೆ ಇಲ್ಲ. ಟ್ರೋಪೋನಿನ್ ಇಲ್ಲಿ ಸೌಲಭ್ಯವಿಲ್ಲ. ಹೃದಯದ್ದಿರುವ ಸಂಭವ ಕಡಿಮೆ, ತಳ್ಳಿಹಾಕಿಲ್ಲ.’ ಇಷ್ಟು ಬರೆಯಲು ಒಂದು ನಿಮಿಷ ಬೇಕು. ಸಂಕೇತ ಆರ್07.4 ಆಗುತ್ತದೆ. ಅಸ್ಪಷ್ಟ ಸಂಕೇತಗಳು ಹೆಚ್ಚಾದರೆ ಅಂಕಿಅಂಶ ಕೆಡುತ್ತದೆಂದು ಮೇಲಧಿಕಾರಿಗಳು ಗದರುವುದುಂಟು. ಗೊತ್ತಿಲ್ಲದ ಕಡೆ ಗೊತ್ತಿದೆಯೆಂದು ಹಾಕಿದ ಕೆ21 ಅದಕ್ಕಿಂತ ಹೆಚ್ಚು ಕೆಡಿಸುತ್ತದೆ ಎಂಬುದು ನನ್ನ ನಿಲುವು. ಎರಡು ವಾರದ ನಂತರ ಕಾರಣ ತಿಳಿದರೆ ಸಂಕೇತ ಬದಲಾಗಲಿ, ಅದಕ್ಕೆ ಅಡ್ಡಿಯೇನೂ ಇಲ್ಲ.

ಗಡಿಯ ಎರಡೂ ಕಡೆ ಈಗ ಒಳ್ಳೆಯ ಯೋಜನೆಗಳಿವೆ. ತಮಿಳುನಾಡು 2023ರಲ್ಲಿ ‘ಇದಯಂ ಕಾಪ್ಪೋಂ’ ಆರಂಭಿಸಿತು. ಹೃದಯಾಘಾತದ ಅನುಮಾನವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಸೇರಿ 14 ಮಾತ್ರೆಗಳನ್ನು ಒಟ್ಟಿಗೆ ನುಂಗಿಸಿ ಮುಂದೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಪುನೀತ್ ಹೆಸರಿನ ‘ಹೃದಯಜ್ಯೋತಿ’ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಹೀಗೆ ಸಣ್ಣ ಆಸ್ಪತ್ರೆಯನ್ನು ದೊಡ್ಡದಕ್ಕೆ ಜೋಡಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ತಮಿಳುನಾಡಿನದೇ ಸಾಕ್ಷಿಯಿದೆ. 2,420 ರೋಗಿಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಈ ವ್ಯವಸ್ಥೆ ಬಂದ ಮೇಲೆ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದಿತ್ತು. ಈಗ ತಾಳವಾಡಿಯ ಸ್ಥಿತಿ ಯೋಚಿಸಿ. ಇಲ್ಲಿ 14 ಮಾತ್ರೆ ನುಂಗಿದವರನ್ನು ಮನೆಯವರು ಗಾಬರಿಯಿಂದ ಸ್ವಂತ ಗಾಡಿಯಲ್ಲಿ ಚಾಮರಾಜನಗರಕ್ಕೆ ಒಯ್ಯುತ್ತಾರೆ. ಮಾತ್ರೆ ಕೊಟ್ಟ ವಿಷಯ, ಕೊಟ್ಟ ಗಂಟೆ ಚೀಟಿಯಲ್ಲಿ ಇಲ್ಲದಿದ್ದರೆ ಅಲ್ಲಿ ಮತ್ತೆ ಅಷ್ಟೇ ಕೊಡಬಹುದು. ರಕ್ತ ತೆಳುವಾಗಿಸುವ ಔಷಧಿ ಎರಡು ಪಾಲಾದರೆ ರಕ್ತಸ್ರಾವದ ಅಪಾಯ. ಕೊನೆಗೆ ನೋವು ಹೃದಯದ್ದಲ್ಲ ಎಂದು ಗೊತ್ತಾದಾಗಲೂ ‘ಮಾತ್ರೆ ಮುಂದುವರಿಸಬೇಡಿ’ ಎಂದು ಬರೆಯಬೇಕು. ಆ ಸಾಲು ಇಲ್ಲದ್ದರಿಂದಲೇ ತಿಂಗಳುಗಟ್ಟಲೆ ನುಂಗುವವರಿದ್ದಾರೆ.

ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಸಾಲು ದಾಖಲಿಸಬೇಕು ಎಂಬುದು ನನ್ನ ಇನ್ನೊಂದು ಕೋರಿಕೆ. ‘ಎದ ಒಳಗ ಅದುಮ್ದಂಗಾಯ್ತದ, ಗುಡ್ಡ ಹತ್ತುವಾಗ ಜಾಸ್ತಿ, ನಿಂತ್ರ ಹೋಯ್ತದ’ ಎಂದರೆ ಅದರಲ್ಲೇ ಅರ್ಧ ರೋಗನಿರ್ಣಯ ಇದೆ. ‘ಉಂಡು ಮಲಗಿದ್ರ ಉರಿ ಮೇಲಕ್ಕ ಬತ್ತದ’ ಎಂದರೆ ದಾರಿಯೇ ಬೇರೆ. ಇವೆರಡೂ ತಮಿಳು ಮಾತ್ರ ಬಲ್ಲ ವೈದ್ಯರ ಕಿವಿಗೆ ಬಿದ್ದು, ಇಂಗ್ಲಿಷಿನಲ್ಲಿ ‘ಎದೆನೋವು’ ಎಂಬ ಒಂದೇ ಪದವಾಗಿ ಕಾಗದಕ್ಕೆ ಇಳಿದರೆ ವ್ಯತ್ಯಾಸ ಎಲ್ಲಿ ಉಳಿಯಿತು? ಸೋಲಿಗರ, ಊರಾಳಿಗರ ಹಾಡಿಗಳಿಂದ ಬಂದವರ ಪಾಡು ಇನ್ನೂ ಕಷ್ಟ. ಅಮೆರಿಕದ ಮಾರ್ಗಸೂಚಿ ಇಂಗ್ಲಿಷ್ ಬಾರದ ಎದೆನೋವಿನ ರೋಗಿಗೆ ಅಧಿಕೃತ ದುಭಾಷಿಯ ನೆರವು ಬೇಕೆಂದು ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಗ್ರಾಮದ ಆರೋಗ್ಯ ನರ್ಸಮ್ಮನವರು, ಮನೆಬಾಗಿಲಿಗೆ ಮಾತ್ರೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಕಾರ್ಯಕರ್ತೆಯರು ಎರಡೂ ನುಡಿ ಬಲ್ಲವರೇ. ಅವರನ್ನು ಆ ಕೆಲಸಕ್ಕೆ ತಯಾರು ಮಾಡುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಸಾವಿನ ಕಾಗದದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎದೆನೋವು ಎನ್ನುತ್ತಾ ಮನೆಯಲ್ಲೇ ತೀರಿಕೊಂಡವರಿಗೆ ಎಲ್ಲರೂ ‘ಹಾರ್ಟ್ ಅಟ್ಯಾಕ್’ ಅನ್ನುತ್ತಾರೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಆಸ್ಪತ್ರೆಯಲ್ಲಿ ತೀರಿಕೊಂಡವರ ನಮೂನೆ 4ರಲ್ಲಿ, ಹೃದಯ ನಿಂತದ್ದು ಎಂಬಂಥ ಸಾಯುವ ಬಗೆಯನ್ನು ಬರೆಯಬೇಡಿ, ಸಾವಿಗೆ ಕಾರಣವಾದ ಕಾಯಿಲೆಯನ್ನು ಬರೆಯಿರಿ ಎಂದು ಅಚ್ಚು ಹಾಕಿಯೇ ಇದೆ. ಆದರೂ ಹೃದಯ ನಿಂತದ್ದನ್ನೇ ಬರೆಯುತ್ತೇವೆ. ಯಾರ ಹೃದಯವಾದರೂ ಕೊನೆಗೆ ನಿಲ್ಲುವುದೇ. ಹಾಗೆ ಬರೆದಾಗ ಈ ಬೆಟ್ಟಗಳಲ್ಲಿ ಜನ ನಿಜವಾಗಿ ಹೃದ್ರೋಗದಿಂದ ಸಾಯುತ್ತಿದ್ದಾರೋ, ಕ್ಷಯದಿಂದಲೋ, ಒಲೆಯ ಹೊಗೆ ಕುಡಿದ ಶ್ವಾಸಕೋಶದಿಂದಲೋ ತಿಳಿಯುವುದಿಲ್ಲ. ತಿಳಿಯದಿದ್ದರೆ ಇಲ್ಲಿಗೆ ಇಸಿಜಿ ಯಂತ್ರ ಬೇಕೋ ಎಕ್ಸ್‌ರೇ ಬೇಕೋ ಎಂದು ಈರೋಡಿನಲ್ಲಿ ಕುಳಿತವರು ಹೇಗೆ ನಿರ್ಧರಿಸಬೇಕು?

ಊರಿನವರು ಮಾಡಬಹುದಾದದ್ದೂ ಇದೆ. ಒಳರೋಗಿಯಾಗಿದ್ದರೆ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು, ಆ ದಾಖಲೆಯನ್ನು 3 ವರ್ಷ ಕಾಪಾಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮ ಹೇಳುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಹೊರರೋಗಿಯಾಗಿದ್ದರೆ ಇಸಿಜಿ ಕಾಗದವನ್ನು ಕೇಳಿ ಪಡೆಯಿರಿ. ಶಾಖಕ್ಕೆ ಮೂಡುವ ಆ ಕಾಗದದ ಗೆರೆ ಕಾಲ ಕಳೆದಂತೆ ಮಾಸಿಹೋಗುತ್ತದೆ. ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಹೆಸರು, ತಾರೀಕು, ಗಂಟೆ ಕಾಣುವಂತೆ. ನೋವಿಲ್ಲದ ದಿನ ತೆಗೆದ ಹಳೆಯ ಇಸಿಜಿ, ನೋವಿರುವ ದಿನದ ಇಸಿಜಿಯ ಪಕ್ಕ ಇಟ್ಟು ನೋಡಲು ವೈದ್ಯರಿಗೆ ಬಹಳ ಬೇಕಾಗುತ್ತದೆ. ಮನೆಗೆ ಕಳಿಸುವಾಗ, ‘ಡಾಕ್ಟ್ರೇ, ಯಾವ ಥರ ಆದ್ರೆ ಮತ್ತೆ ಬರಬೇಕು, ಅದನ್ನೂ ಬರೆದುಕೊಡಿ’ ಎಂದು ಕೇಳಿ. ಕೇಳಿದರೆ ಬರೆಯದ ವೈದ್ಯರನ್ನು ನಾನು ಕಂಡದ್ದು ಕಡಿಮೆ.

ಸಭೆಯಲ್ಲಿರುವ ಕೋಡಿಂಗ್ ಕಲಿತ ಮಕ್ಕಳಿಗೆ ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಮುಂದಿನ ಸಲ ರಜೆಗೆ ಊರಿಗೆ ಬಂದಾಗ ಅವ್ವ ಅಪ್ಪನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಎದೆನೋವಿಗೆ ಹೋದದ್ದು ಯಾವಾಗ, ಏನು ಪರೀಕ್ಷೆ ಆಯಿತು, ಏನು ತಳ್ಳಿಹಾಕಿದರು, ಏನು ಉಳಿಯಿತು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಮೇಲಿಡಿ. ಬರೆಯಲು ಆಧಾರ ಸಿಗದ ಜಾಗವನ್ನು ಖಾಲಿ ಬಿಡಿ, ನೀವು ತುಂಬಬೇಡಿ. ಆಮೇಲೆ ಆ ಹಾಳೆಯನ್ನು ಹಿಡಿದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖಾಲಿ ಜಾಗವನ್ನು ವೈದ್ಯರಿಗೆ ತೋರಿಸಿ.